ಜಿ ಲೀಗೋ, ಯುರೋಪೋ? ಡ್ರಾಫ್ಟ್ ಆಗದವನ ಲೆಕ್ಕಾಚಾರ

ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ ತಂಡಗಳು ಪ್ರತಿ ವರ್ಷ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. ಅದರಲ್ಲಿ ಹೆಸರು ಬರದ ಆಟಗಾರನ ಮುಂದೆ ಮುಖ್ಯವಾಗಿ ಎರಡು ದಾರಿ: ಎನ್‌ಬಿಎಯದೇ ಕೆಳಹಂತದ ಜಿ ಲೀಗ್, ಇಲ್ಲವೇ ಯುರೋಪಿನ ಕ್ಲಬ್.

ದುಡ್ಡಷ್ಟೇ ನೋಡಿದರೆ ಜಿ ಲೀಗ್ ಸಪ್ಪೆ. 2023-24ರಲ್ಲಿ ಸಾಮಾನ್ಯ ಒಪ್ಪಂದಕ್ಕೆ ಇಡೀ ಸೀಸನ್ನಿಗೆ 40,500 ಡಾಲರ್. ವಸತಿ, ಆರೋಗ್ಯ ವಿಮೆ ಲೀಗಿನದು, ತೆರಿಗೆ ಆಟಗಾರನದು. ಅದೇ ವರ್ಷ ಟೂ-ವೇ ಒಪ್ಪಂದದವನಿಗೆ, ಅಂದರೆ ಎನ್‌ಬಿಎ ತಂಡಕ್ಕೂ ಅದರ ಜಿ ಲೀಗ್ ತಂಡಕ್ಕೂ ಆಡುವವನಿಗೆ, ಸುಮಾರು 5.6 ಲಕ್ಷ ಡಾಲರ್! ಆದರೆ ಒಂದು ಎನ್‌ಬಿಎ ತಂಡಕ್ಕೆ ಅಂಥ ಜಾಗ ಮೂರೇ.

ಹಾಗಾದರೆ ಯಾಕೆ ಹೋಗಬೇಕು? ಎನ್‌ಬಿಎ ಕಣ್ಣಿಗೆ ಬೀಳಲು. ಸಾಮಾನ್ಯ ಒಪ್ಪಂದದವನನ್ನು ಯಾವ ಎನ್‌ಬಿಎ ತಂಡ ಬೇಕಾದರೂ ಕರೆಯಬಹುದು. ಜನವರಿ 5ರಿಂದ ಎನ್‌ಬಿಎ ತಂಡಗಳ ಹತ್ತು ದಿನದ ಒಪ್ಪಂದಗಳು ಶುರು. 2015ರಲ್ಲಿ 52ನೆಯವನಾಗಿ ಡ್ರಾಫ್ಟ್ ಆದ ಪಂಜಾಬಿನ ಸತ್ನಾಮ್ ಸಿಂಗ್ ಆಡಿದ್ದೂ ಇದೇ ಲೀಗಿನ ಟೆಕ್ಸಾಸ್ ಲೆಜೆಂಡ್ಸ್‌ಗೆ. ಎನ್‌ಬಿಎ ಪಂದ್ಯ ಮಾತ್ರ ಸಿಗಲೇ ಇಲ್ಲ.

ಯುರೋಪಿನಲ್ಲಿ ಸಂಬಳವನ್ನು ಸಾಮಾನ್ಯವಾಗಿ ತೆರಿಗೆ ಕಳೆದೇ ಹೇಳುತ್ತಾರೆ. ಮನೆ, ವಿಮಾನ ಟಿಕೆಟ್, ಹಲವೆಡೆ ಕಾರೂ ಸಿಗುತ್ತದೆ. ತೊಂದರೆ ಇರುವುದು ಒಪ್ಪಂದದ ಸಣ್ಣಕ್ಷರಗಳಲ್ಲಿ. ವೈದ್ಯಕೀಯ ತಪಾಸಣೆ ಪಾಸಾಗುವವರೆಗೆ 'ಗ್ಯಾರಂಟಿ' ಅನ್ನುವುದು ಬರೀ ಕಾಗದ. ಸಣ್ಣ ಕ್ಲಬ್‌ಗಳಲ್ಲಿ ಪ್ರಾಯೋಜಕ ಕೈಕೊಟ್ಟರೆ ಮೊದಲು ನಿಲ್ಲುವುದೇ ಸಂಬಳ. ಆದ್ದರಿಂದ ಸಹಿಗೆ ಮುಂಚೆ ಎರಡು ಷರತ್ತು ಹಾಕಿಸಿ: ಸಂಬಳ ಇಷ್ಟು ದಿನ ತಡವಾದರೆ ಆಡದೆ ಕೂರುವ ಹಕ್ಕು, ವ್ಯಾಜ್ಯ ಬಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ಹುಟ್ಟುಹಾಕಿದ ಪಂಚಾಯ್ತಿ ಮಂಡಳಿ 'ಬ್ಯಾಟ್'ಗೇ (BAT) ಹೋಗಬೇಕೆಂಬ ಮಾತು. ಎರಡನೆಯದು ಇಲ್ಲದಿದ್ದರೆ ಅಲ್ಲಿನ ಕೋರ್ಟು ಸುತ್ತಬೇಕಾದೀತು.

ವಯಸ್ಸು 22, ಮೂರು ಪಾಯಿಂಟ್ ಎಸೆತ ಚೆನ್ನಾಗಿದ್ದರೆ ಒಂದೆರಡು ಸೀಸನ್ ಜಿ ಲೀಗ್ ಸರಿ. 26 ದಾಟಿ ಸಂಸಾರವೂ ಇದ್ದರೆ ಯುರೋಪೇ ವಾಸಿ.