ತೆಗೆದು ಹಾಕಿಕೊಳ್ಳುವ ಹಲ್ಲೋ, ಬ್ರಿಜ್ಜೋ?

ಎಡಗಡೆಯ ಕೆಳದವಡೆಯಲ್ಲಿ ಒಂದು ಹಲ್ಲು ಕೀಳಿಸಿದ ಮೇಲೆ ಆ ಜಾಗಕ್ಕೆ ಎರಡು ಸಲ ಹಲ್ಲು ಕಟ್ಟಿಸಿದ್ದೇನೆ. ಮೊದಲು ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ 4,000 ರೂಪಾಯಿಯ ಹಲ್ಲು, ಎರಡು ವರ್ಷದ ನಂತರ ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸಿ ಕೂರಿಸುವ 18,000 ರೂಪಾಯಿಯ ಬ್ರಿಜ್. ಮೊದಲೇ ಬ್ರಿಜ್ ಹಾಕಿಸಿಕೊಂಡಿದ್ದರೆ ಎರಡು ವರ್ಷದ ಹಿಂಸೆ ತಪ್ಪುತ್ತಿತ್ತು.

ತೆಗೆದು ಹಾಕುವ ಹಲ್ಲು ನೋಡಲು ಚೆನ್ನಾಗಿಯೇ ಇತ್ತು, ಮಾತಿಗೂ ತೊಡಕಾಗಲಿಲ್ಲ. ನನ್ನನ್ನು ಕಾಡಿದ್ದು ಬೀಜ. ಸೀಬೆಹಣ್ಣಿನದೋ ಬದನೆಕಾಯಿಯದೋ ಒಂದೇ ಒಂದು ಬೀಜ ಹಲ್ಲನ್ನು ಕೂರಿಸಿದ್ದ ಗುಲಾಬಿ ಬಣ್ಣದ ಪ್ಲೇಟಿನ ಅಡಿಗೆ ನುಸುಳಿದರೆ ಸಾಕು, ಮುಂದಿನ ತುತ್ತು ಅಗಿಯುವಾಗ ವಸಡಿಗೆ ಒತ್ತಿ ಜೀವ ಹೋದಂತಾಗುತ್ತಿತ್ತು. ಹಲ್ಲು ತೆಗೆದು ತೊಳೆಯದೆ ಬೇರೆ ದಾರಿಯಿಲ್ಲ.

ಮನೆಯಲ್ಲಾದರೆ ಸರಿ. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಕುಳಿತಿದ್ದಾಗ ಕೋಸಂಬರಿಯ ಒಗ್ಗರಣೆಯ ಸಾಸಿವೆ ಕಾಳು ಸಿಕ್ಕಿಕೊಂಡಿತು. ನಡುವೆ ಏಳುವಂತಿಲ್ಲ, ಅಗಿಯುವಂತಿಲ್ಲ. ಹೋಳಿಗೆಯಿಂದ ಮಜ್ಜಿಗೆ ಅನ್ನದವರೆಗೆ ಎಲ್ಲವನ್ನೂ ಬಲಗಡೆಯಲ್ಲೇ ಅಗಿದು ಮುಗಿಸಿದೆ. ಸಂಜೆ ಕನ್ನಡಿ ಹಿಡಿದು ನೋಡಿದರೆ ವಸಡಿನ ಮೇಲೆ ಸಾಸಿವೆಯಷ್ಟೇ ಗಾತ್ರದ ಕೆಂಪು ಗುಳಿ. ನಾಲ್ಕು ದಿನ ಉಪ್ಪುನೀರು ಮುಕ್ಕಳಿಸಬೇಕಾಯಿತು.

ಬರಬರುತ್ತಾ ಆ ಕಟ್ಟಿಸಿದ ಹಲ್ಲು ಸಡಿಲವೂ ಆಯಿತು. ಹಲ್ಲಿಲ್ಲದ ಜಾಗದ ಮೂಳೆ ಮೆಲ್ಲಗೆ ಕರಗುತ್ತದೆ, ಅಚ್ಚು ತೆಗೆದಾಗಿನ ಅಳತೆ ಉಳಿಯುವುದಿಲ್ಲ. ಸಂದು ಹಿಗ್ಗಿದಷ್ಟೂ ಬೀಜಗಳಿಗೆ ದಾರಿ ಸಲೀಸು.

ಬ್ರಿಜ್‌ಗೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ತೇಯ್ದು, ಮೂರು ಹಲ್ಲಿನ ಒಂದು ಸಾಲನ್ನು ಅವುಗಳ ಮೇಲೆ ಕೂರಿಸಿ ಅಂಟಿಸುತ್ತಾರೆ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಆ ಸಂಕಟ ನನಗೆ ಈಗಲೂ ಇದೆ. ಎರಡರಲ್ಲಿ ಒಂದಕ್ಕೆ ಮೊದಲೇ ದೊಡ್ಡದಾಗಿ ಸಿಮೆಂಟ್ ತುಂಬಿಸಿದ್ದರಿಂದ ಒಪ್ಪಿಕೊಂಡೆ. ಇದರ ಅಡಿಯಲ್ಲೂ ಆಹಾರ ನಿಲ್ಲುತ್ತದೆ, ಆದರೆ ನೋಯುವುದಿಲ್ಲ. ರಾತ್ರಿ ಸಣ್ಣ ಬ್ರಷ್ ತೂರಿಸಿ ತಿಕ್ಕಿದರೆ ಎರಡು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಮಾತ್ರ ತೇಯ್ದ ಹಲ್ಲಿನ ಮೇಲೆ ಕೂರಿಸಿದ ಕ್ಯಾಪಿನ ಅಂಚಿನಲ್ಲಿ ಒಳಗಿನ ಹಲ್ಲು ಹುಳುಕಾಗುತ್ತದೆ. ರಾತ್ರಿ ಹಲ್ಲುಜ್ಜುವ ರೂಢಿ ನನಗೆ ಚಿಕ್ಕಂದಿನಿಂದಲೂ ಇರುವುದರಿಂದ ಇದು ಹೊರೆ ಎನಿಸಲಿಲ್ಲ.

ದವಡೆಯ ಮೂಳೆಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್, ಪಕ್ಕದ ಹಲ್ಲುಗಳನ್ನು ಮುಟ್ಟುವುದೇ ಇಲ್ಲ, ನಿಜ. ಆದರೆ ಅದರ ಖರ್ಚು ನನ್ನ ಕೈಗೆ ಎಟುಕಲಿಲ್ಲ.

ಅಮ್ಮನಿಗೆ ಬ್ರಿಜ್ ಕೂರಿಸಲು ಆಧಾರದ ಹಲ್ಲುಗಳೇ ಉಳಿದಿರಲಿಲ್ಲ, ತೆಗೆದು ಹಾಕಿಕೊಳ್ಳುವ ಹಲ್ಲಿನ ಪೂರ್ತಿ ಸೆಟ್ಟನ್ನೇ ಮಾಡಿಸಿದೆವು. ಪೇಸ್ಟಿನಿಂದ ಗೀರು ಬೀಳುತ್ತದೆಂದು ಸಾಬೂನು ಹಚ್ಚಿ ಮೆತ್ತನೆಯ ಬ್ರಷ್‌ನಿಂದ ತೊಳೆಯುತ್ತಾಳೆ. ಕೈಜಾರಿದರೂ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಳ್ಳುತ್ತಾಳೆ. ರಾತ್ರಿ ಅದು ತಣ್ಣೀರಿನ ಡಬ್ಬಿಯಲ್ಲಿರುತ್ತದೆ. ಬಿಸಿನೀರು ಮಾತ್ರ ತಾಗಿಸಬೇಡಿ, ಸೊಟ್ಟಗಾದರೆ ಮತ್ತೆ ಬಾಯಿಗೆ ಕೂರುವುದಿಲ್ಲ.