ಎಲ್ ಪಾಸೋದಿಂದ ಮೂರು ದಿನ: ಕಾರ್ಲ್ಸ್‌ಬ್ಯಾಡ್ ಗುಹೆ, ಗ್ವಾಡಲೂಪೆ ಬೆಟ್ಟ, ವೈಟ್ ಸ್ಯಾಂಡ್ಸ್

ಅಮೆರಿಕದ ಮರುಭೂಮಿ ನೋಡಬೇಕೆಂದರೆ ಎಲ್ಲರೂ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೇ ಕಾರು ತಿರುಗಿಸುತ್ತಾರೆ. ಗಂಡ ಹೆಂಡತಿ ಇಬ್ಬರೇ ಹೊರಟಿದ್ದು, ಕೈಯಲ್ಲಿ ಮೂರೇ ದಿನ ಇದ್ದರೆ, ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊ ಗಡಿಯ ಈ ಮೂರು ನ್ಯಾಷನಲ್ ಪಾರ್ಕ್‌ಗಳ ಸುತ್ತು ಅದಕ್ಕಿಂತ ಎಷ್ಟೋ ವಾಸಿ. ಮೂರೂ ಚಿವಾವಾ ಮರುಭೂಮಿಯಲ್ಲಿವೆ, ಆದರೆ ಒಂದರಂತೆ ಇನ್ನೊಂದಿಲ್ಲ. ಗುಹೆಗೆ ಪೂರ್ಣ ಅಂಕ. ಬಿಳಿ ಮರಳಿಗೆ ಸಂಜೆ ಹೋದರೆ ಪೂರ್ಣ, ಮಧ್ಯಾಹ್ನ ಹೋದರೆ ಅರ್ಧ. ಗ್ವಾಡಲೂಪೆ ಮಾತ್ರ ಬೆಟ್ಟ ಹತ್ತುವ ಹುಮ್ಮಸ್ಸು ಇದ್ದವರಿಗೆ.

ಮೊದಲು ದುಡ್ಡಿನ ಲೆಕ್ಕ. ಕಾರ್ಲ್ಸ್‌ಬ್ಯಾಡ್‌ನಲ್ಲಿ ತಲೆಗೆ 15 ಡಾಲರ್, ಗ್ವಾಡಲೂಪೆಯಲ್ಲಿ ತಲೆಗೆ 10, ವೈಟ್ ಸ್ಯಾಂಡ್ಸ್‌ನಲ್ಲಿ ಕಾರಿಗೆ 25. ಇಬ್ಬರಿಗೆ ಒಟ್ಟು 75 ಡಾಲರ್. ಎಲ್ಲ ನ್ಯಾಷನಲ್ ಪಾರ್ಕ್‌ಗಳಿಗೂ ನಡೆಯುವ ವರ್ಷದ ಪಾಸ್ 80 ಡಾಲರ್ ಇರುವುದರಿಂದ, ಅದೇ ವರ್ಷ ಇನ್ನೊಂದು ಪಾರ್ಕ್ ನೋಡುವ ಅಂದಾಜಿದ್ದರೆ ಪಾಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ. ಈ 80ರ ದರ ಅಮೆರಿಕದ ನಿವಾಸಿಗಳಿಗಷ್ಟೇ. 2026ರಿಂದ ಹೊರದೇಶದವರಿಗೆ ಪಾಸಿನ ಬೆಲೆ 250 ಡಾಲರ್, ಹಾಗಾಗಿ ಬೆಂಗಳೂರಿನಿಂದ ಪ್ರವಾಸಕ್ಕೆ ಬಂದವರು ಬಿಡಿ ಟಿಕೆಟ್ ಕೊಳ್ಳುವುದೇ ಲೇಸು. ಹೊರದೇಶದವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಹಾಕಿರುವ 11 ಪಾರ್ಕ್‌ಗಳ ಪಟ್ಟಿಯಲ್ಲಿ ಈ ಮೂರೂ ಇಲ್ಲ. ಪಾಸ್ ಇರಲಿ, ಬಿಡಲಿ, ಗುಹೆಗೆ ಇಳಿಯುವ ಸಮಯವನ್ನು ರಿಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ ತಲೆಗೆ 1 ಡಾಲರ್ ಕೊಟ್ಟು ಮುಂಗಡ ಕಾಯ್ದಿರಿಸಬೇಕು. ಜನ ಎಡವುವುದು ಇಲ್ಲೇ: ಆ ಒಂದು ಡಾಲರನ್ನೇ ಟಿಕೆಟ್ ಎಂದುಕೊಂಡು ಬರುತ್ತಾರೆ, ಕೌಂಟರಿನಲ್ಲಿ ಮತ್ತೆ ಹದಿನೈದು ಕೇಳಿದಾಗ ಮುಖ ಸಿಂಡರಿಸುತ್ತಾರೆ.

ದಾರಿ ಹೀಗಿರಲಿ. ಎಲ್ ಪಾಸೋದಲ್ಲಿ ಕಾರು ಬಾಡಿಗೆಗೆ ತೆಗೆದುಕೊಂಡು 62/180 ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 110 ಮೈಲಿ ಹೋದರೆ ಗ್ವಾಡಲೂಪೆ. ಎಲ್ ಪಾಸೋ ಬಿಡುವ ಮೊದಲೇ ಟ್ಯಾಂಕ್ ತುಂಬಿಸಿ. ಪಾರ್ಕಿನ ಒಳಗೆ ಪೆಟ್ರೋಲ್ ಇಲ್ಲ, ಹೋಟೆಲ್ ಇಲ್ಲ, ತಿನ್ನಲು ಏನೂ ಸಿಗುವುದಿಲ್ಲ. ಕುಡಿಯುವ ನೀರು ಮಾತ್ರ ಪೈನ್ ಸ್ಪ್ರಿಂಗ್ಸ್ ವಿಸಿಟರ್ ಸೆಂಟರಿನಲ್ಲಿ ಸಿಗುತ್ತದೆ. ಇಲ್ಲಿಯ ಗ್ವಾಡಲೂಪೆ ಪೀಕ್ 8,751 ಅಡಿ, ಟೆಕ್ಸಸ್ ರಾಜ್ಯದ ಅತಿ ಎತ್ತರದ ಜಾಗ. ಹೋಗಿ ಬರಲು 8.4 ಮೈಲಿ, ಏರು 3,000 ಅಡಿ, ಆರರಿಂದ ಎಂಟು ಗಂಟೆ. ಇದನ್ನು ಹತ್ತಿದರೆ ಅಂದಿನ ಮಟ್ಟಿಗೆ ಬೇರೇನೂ ಆಗುವುದಿಲ್ಲ. ಅಷ್ಟು ಬೇಡವೆನ್ನುವವರು ಡೆವಿಲ್ಸ್ ಹಾಲ್ ದಾರಿ ಹಿಡಿಯಲಿ. ಹೋಗಿ ಬರಲು ನಾಲ್ಕು ಮೈಲಿಯ ಆಸುಪಾಸು, ಒಣ ಹಳ್ಳದ ಬಂಡೆಗಳ ಮೇಲೆ ಹತ್ತಿ ಇಳಿದು ಹೋಗಬೇಕು. ಚಳಿಗಾಲದಲ್ಲೂ ವಸಂತದಲ್ಲೂ ಇಲ್ಲಿ ಗಾಳಿ ಕಾರಿನ ಬಾಗಿಲನ್ನೇ ಕಿತ್ತುಕೊಳ್ಳುವಂತೆ ಬೀಸುತ್ತದೆ. ಗಾಳಿ ಮುನ್ಸೂಚನೆ ಜೋರಾಗಿದ್ದರೆ ಶಿಖರದ ಆಸೆ ಬಿಡಿ, ರಸ್ತೆ ಬದಿಯಿಂದಲೇ ಎಲ್ ಕ್ಯಾಪಿಟನ್ ಬಂಡೆ ನೋಡಿಕೊಂಡು ಮುಂದೆ ಸಾಗಿ.

ಡಲ್ಲಾಸ್, ಆಸ್ಟಿನ್ ಕಡೆಯಿಂದ ಬರುವವರಿಗೆ ಒಂದು ಎಚ್ಚರಿಕೆ. ಗ್ವಾಡಲೂಪೆ ಟೆಕ್ಸಸ್‌ನಲ್ಲೇ ಇದ್ದರೂ ಪಾರ್ಕ್ ನಡೆಯುವುದು ಮೌಂಟನ್ ಸಮಯದಲ್ಲಿ, ಅಂದರೆ ಡಲ್ಲಾಸ್‌ಗಿಂತ ಒಂದು ಗಂಟೆ ಹಿಂದೆ. ಆಸುಪಾಸಿನಲ್ಲಿ ಫೋನಿನ ಗಡಿಯಾರ ಹಿಂದೆ ಮುಂದೆ ಜಿಗಿಯುತ್ತಿರುತ್ತದೆ. ಗುಹೆಯ ಕಾಯ್ದಿರಿಸಿದ ಸಮಯ ತಪ್ಪಬಾರದೆಂದರೆ ಫೋನಿನಲ್ಲಿ ಸಮಯ ವಲಯವನ್ನು ಕೈಯಾರೆ ಹೊಂದಿಸಿಡಿ. ಸಿಗ್ನಲ್ಲನ್ನೂ ನೆಚ್ಚಿಕೊಳ್ಳಬೇಡಿ. ನಕ್ಷೆ, ಕಾಯ್ದಿರಿಸಿದ ಚೀಟಿ ಎರಡನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ.

ಇನ್ನು ಎರಡನೆಯ ದಿನದ ಗುಹೆ. ಕೆಳಗೆ ಹೋಗಲು ಎರಡು ದಾರಿ. ಲಿಫ್ಟ್ ಹತ್ತಿದರೆ 750 ಅಡಿ ಆಳಕ್ಕೆ ಸುಮಾರು ಒಂದು ನಿಮಿಷ. ಗುಹೆಯ ಸಹಜ ಬಾಯಿಯಿಂದ ನಡೆದರೆ ಅಷ್ಟೇ ಆಳಕ್ಕೆ 1.25 ಮೈಲಿ, ಒಂದು ಗಂಟೆಯ ಇಳಿಜಾರು. ಮಂಡಿ ಗಟ್ಟಿಯಿದ್ದರೆ ನಡೆದೇ ಇಳಿಯಿರಿ. ಈ ಇಡೀ ಪ್ರವಾಸದಲ್ಲಿ ಒಂದೇ ಒಂದು ಆಯ್ಕೆಗೆ ಬೆಲೆ ಇರುವುದಾದರೆ ಅದು ಇದು. ತಿರುವು ತಿರುವಾಗಿ ಇಳಿಯುತ್ತಿದ್ದಂತೆ ಬಾವಲಿ ಹಿಕ್ಕೆಯ ಘಾಟು ಮೂಗಿಗೆ ಬಡಿಯುತ್ತದೆ, ನಾಲ್ಕೈದು ತಿರುವಿನಲ್ಲಿ ಬೆಳಕು ಬೂದು ಬಣ್ಣಕ್ಕೆ ತಿರುಗಿ ಆರಿಹೋಗುತ್ತದೆ, ಹೊರಗಿನ ಸೆಕೆ ಕಳೆದು ತಣ್ಣನೆಯ ತೇವ ಮೈಗೆ ತಾಗುತ್ತದೆ. ಮುಂದೆ ಐಸ್‌ಬರ್ಗ್ ರಾಕ್ ಎಂಬ, ಚಾವಣಿಯಿಂದ ಕಳಚಿ ಬಿದ್ದ, ಎರಡು ಲಕ್ಷ ಟನ್ ತೂಕದ ಒಂದೇ ಬಂಡೆಯನ್ನು ಸುತ್ತಿಕೊಂಡು ಹೋಗಬೇಕು. ಲಿಫ್ಟಿನಲ್ಲಿ ಹೋದವರಿಗೆ ಇದ್ಯಾವುದೂ ಇಲ್ಲ, ಬಾಗಿಲು ತೆರೆದರೆ ನೇರ ವಿಶ್ರಾಂತಿ ಜಾಗ. ಮಂಡಿ ನೋವಿದ್ದವರಿಗೆ, ಗಾಲಿಕುರ್ಚಿಯವರಿಗೆ ಮಾತ್ರ ಲಿಫ್ಟೇ ಸರಿ, ಕೆಳಗಿನ ಬಿಗ್ ರೂಮ್ ಎಂಬ ದೊಡ್ಡ ಕೋಣೆಯ ಒಂದಷ್ಟು ಭಾಗದಲ್ಲಿ ಗಾಲಿಕುರ್ಚಿ ಓಡುತ್ತದೆ.

ಈ ಬಿಗ್ ರೂಮ್ 8.2 ಎಕರೆ. ಉತ್ತರ ಅಮೆರಿಕದಲ್ಲಿ ಗಾತ್ರದಲ್ಲಿ ಇದಕ್ಕಿಂತ ದೊಡ್ಡ ಗುಹೆಕೋಣೆ ಇಲ್ಲ. ಸುತ್ತುದಾರಿ ಮತ್ತೆ 1.25 ಮೈಲಿ, ಸಮತಟ್ಟು ಎನ್ನಬಹುದು, ಒಂದೂವರೆ ಗಂಟೆ ಬೇಕು. ಅಡ್ಡದಾರಿ ಹಿಡಿದು ಅರ್ಧಕ್ಕೇ ತಿರುಗಿದರೆ ಬಾಟಮ್‌ಲೆಸ್ ಪಿಟ್ ತಪ್ಪಿಹೋಗುತ್ತದೆ. ಹೆಸರಿಗೆ ತಳವಿಲ್ಲದ ಗುಂಡಿ, ಅಳೆದರೆ 140 ಅಡಿ. ಆಂಧ್ರದ ಬೊರ್ರಾ ಗುಹೆಯಲ್ಲಿ ಕೆಂಪು, ಹಸಿರು ದೀಪ ಕಂಡವರಿಗೆ ಇಲ್ಲಿಯ ಮಂದ ಬಿಳಿ ಬೆಳಕು ಮೊದಲಿಗೆ ಸಪ್ಪೆ ಎನ್ನಿಸಬಹುದು. ಕಣ್ಣು ಹೊಂದಿಕೊಂಡ ಮೇಲೆ ಕಲ್ಲಿನ ನಿಜವಾದ ಕೆನೆಬಣ್ಣ, ಕಂದು ಗೆರೆ ಎದ್ದು ಕಾಣುತ್ತವೆ. ಬೆಳಕಿನ ಮಟ್ಟಿಗೆ ಪಾರ್ಕಿನವರದು ಒಳ್ಳೆಯ ಕೆಲಸ.

ಇಷ್ಟು ದೊಡ್ಡ ಪೊಳ್ಳು ಹೇಗಾಯಿತೆಂದರೆ, ಸಾಮಾನ್ಯ ಸುಣ್ಣಕಲ್ಲಿನ ಗುಹೆಗಳ ಹಾಗೆ ಮಳೆನೀರಿನ ಸೌಮ್ಯ ಆಮ್ಲದಿಂದಲ್ಲ. ಹತ್ತಿರದ ತೈಲ ನಿಕ್ಷೇಪಗಳಿಂದ ಮೇಲೇರಿದ ಹೈಡ್ರೋಜನ್ ಸಲ್ಫೈಡ್, ನೀರಿನಲ್ಲಿದ್ದ ಆಮ್ಲಜನಕದೊಂದಿಗೆ ಸೇರಿ ಗಂಧಕಾಮ್ಲವಾಗಿ, ಕಲ್ಲನ್ನು ಕೊರೆದು ಹಾಕಿತು. ಆ ಕಲ್ಲು ಡೈನೋಸಾರ್‌ಗಳಿಗೂ ಹಿಂದಿನ ಪರ್ಮಿಯನ್ ಕಾಲದಲ್ಲಿ ಸಮುದ್ರಜೀವಿಗಳು ನೀರಿನಡಿ ಕಟ್ಟಿದ ದಿಬ್ಬದ್ದು (ರೀಫ್). ಹಿಂದಿನ ದಿನ ನೋಡಿದ ಎಲ್ ಕ್ಯಾಪಿಟನ್ ಕೂಡ ಅದೇ ದಿಬ್ಬದ ಮೇಲೆದ್ದ ತುದಿ. ಗ್ವಾಡಲೂಪೆಯನ್ನು ಮೊದಲು ನೋಡಿ, ಗುಹೆಯನ್ನು ಆಮೇಲೆ ನೋಡಿ ಎನ್ನುವುದು ಇದಕ್ಕೇ.

ಗುಹೆಯಲ್ಲಿ ವರ್ಷವಿಡೀ 13 ಡಿಗ್ರಿ ಸೆಲ್ಸಿಯಸ್. ತೆಳು ಸ್ವೆಟರ್ ಸಾಕು, ಆದರೆ ಹಿಡಿತವಿರುವ ಶೂ ಬೇಕೇ ಬೇಕು, ಚಪ್ಪಲಿ ಜಾರುತ್ತದೆ. ಬೇರೆ ಗುಹೆಗೆ ಹಾಕಿಕೊಂಡು ಹೋಗಿದ್ದ ಶೂ ತರಬೇಡಿ, ಬಾವಲಿಗಳನ್ನು ಕೊಲ್ಲುವ ವೈಟ್ ನೋಸ್ ಎಂಬ ಶಿಲೀಂಧ್ರ ಸೋಂಕು ಹಾಗೆಯೇ ಹಬ್ಬುವುದು. ದಾರಿಯಲ್ಲಿ ಬರೀ ನೀರಿಗೆ ಮಾತ್ರ ಅವಕಾಶ. 2024ರಲ್ಲಿ ಯಾರೋ ಬಿಗ್ ರೂಮಿನಲ್ಲಿ ಬೀಳಿಸಿ ಹೋದ ಜೋಳದ ಕುರುಕಲು ಪೊಟ್ಟಣ ತೇವಕ್ಕೆ ಮೆತ್ತಗಾಗಿ, ಬೂಷ್ಟು ಹಿಡಿದು, ಹುಳ ಹುಪ್ಪಟೆ ಸೇರಿ, ಪಾರ್ಕಿನವರು ಬಂಡೆ ಒರೆಸಿ ಸ್ವಚ್ಛ ಮಾಡಬೇಕಾಯಿತು. ಚಕ್ಕುಲಿ, ಕೋಡುಬಳೆ ಕಾರಿನಲ್ಲೇ ಇರಲಿ. ನಡೆದು ಇಳಿಯುವುದಕ್ಕೆ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ, ಬೆಳಗಿನ ಮೊದಲ ಸಮಯಗಳನ್ನೇ ಹಿಡಿಯಿರಿ. ಲಿಫ್ಟ್ ಆಗೀಗ ಕೆಡುತ್ತದೆ. ಕೆಟ್ಟ ದಿನ ಇಳಿದ ದಾರಿಯನ್ನೇ ಹತ್ತಬೇಕು, ಹಾಗಾಗಿ ಹೊರಡುವ ಮುನ್ನ ಪಾರ್ಕಿನ ತಾಣದಲ್ಲಿ ಒಮ್ಮೆ ನೋಡಿ.

ಮೇ ಕೊನೆಯಿಂದ ಅಕ್ಟೋಬರ್ ತನಕ ಸಂಜೆ ಗುಹೆಯ ಸಹಜ ಬಾಯಿಯಿಂದ ಬಾವಲಿಗಳು ಸುಳಿಸುಳಿಯಾಗಿ ಹೊರಡುತ್ತವೆ. ಕಲ್ಲಿನ ಮೆಟ್ಟಿಲ ಮೇಲೆ ಕೂತು ನೋಡಲು ದುಡ್ಡು ಕೊಡಬೇಕಿಲ್ಲ. ಫೋನು, ಕ್ಯಾಮೆರಾ ಎರಡೂ ನಿಷಿದ್ಧ, ರೇಂಜರ್ ಕಟ್ಟುನಿಟ್ಟಾಗಿ ಒಳಗಿಡಿಸುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಹೋದರೆ ಬಾವಲಿಗಳೂ ಸಿಗುತ್ತವೆ, ಬಿಸಿಲೂ ತಡೆಯುವಷ್ಟಿರುತ್ತದೆ. ತಂಗುವುದಕ್ಕೆ ಕಾರ್ಲ್ಸ್‌ಬ್ಯಾಡ್ ಊರು. ತೈಲ ಕೆಲಸದವರೇ ತುಂಬಿರುವುದರಿಂದ ಸಾಧಾರಣ ಕೋಣೆಗೂ ಬಾಡಿಗೆ ಮೈಮುರಿಯುವಷ್ಟು.

ಸಸ್ಯಾಹಾರಿಗಳ ಪಾಡು ಅಂಥ ಕಷ್ಟವೇನಲ್ಲ. ಬೀನ್ಸ್ ಬರೀಟೊ, ಚೀಸ್ ಎಂಚಿಲಾಡ (ಎರಡೂ ಹೂರಣ ಸುತ್ತಿದ ಮೆಕ್ಸಿಕನ್ ರೊಟ್ಟಿ) ಎಲ್ಲೆಡೆ ಸಿಗುತ್ತವೆ, ನ್ಯೂ ಮೆಕ್ಸಿಕೊದ ಹಸಿರು ಚಿಲಿ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಆದರೆ ಎರಡು ಪ್ರಶ್ನೆ ಕೇಳಿಯೇ ತಿನ್ನಿ: ಬೀನ್ಸ್ ಬೇಯಿಸಲು ಹಂದಿ ಕೊಬ್ಬು ಹಾಕಿದ್ದೀರಾ, ಚಿಲಿ ಸಾಸಿನಲ್ಲಿ ಮಾಂಸ ಇದೆಯಾ? ಎರಡೂ ಇರುವುದು ಮಾಮೂಲು. ಹಾದಿಗೆ ಅವಲಕ್ಕಿ, ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ.

ಮೂರನೆಯ ದಿನ ಆರ್ಟೀಸಿಯಾದಲ್ಲಿ ಪೆಟ್ರೋಲ್ ತುಂಬಿಸಿ 82ನೇ ಹೆದ್ದಾರಿಯಲ್ಲಿ ಕ್ಲೌಡ್‌ಕ್ರಾಫ್ಟ್ ಮೇಲೆ ಅಲಮೊಗೊರ್ಡೊಗೆ ಇಳಿಯುವುದು. ಕೊನೆಯ 16 ಮೈಲಿಯಲ್ಲಿ 4,000 ಅಡಿಗೂ ಹೆಚ್ಚು ಇಳಿಜಾರು. ಬ್ರೇಕ್ ತುಳಿದೇ ಇಳಿದರೆ ಕಾದು ವಾಸನೆ ಬರುತ್ತದೆ, ಗೇರ್ ಇಳಿಸಿ. ಅಲ್ಲಿಂದ 15 ಮೈಲಿ ವೈಟ್ ಸ್ಯಾಂಡ್ಸ್. 2019ರ ಡಿಸೆಂಬರ್‌ನಲ್ಲಿ ನ್ಯಾಷನಲ್ ಪಾರ್ಕ್ ಆದ ಇದು ಜಗತ್ತಿನ ಅತಿ ದೊಡ್ಡ ಜಿಪ್ಸಮ್ (ಒಂದು ಬಿಳಿ ಖನಿಜ) ಮರಳುಗಾಡು, 275 ಚದರ ಮೈಲಿ. ಬಿಸಿಲಿನಲ್ಲೂ ಮರಳು ಕಾಲು ಸುಡುವುದಿಲ್ಲ, ಆದರೆ ಮಧ್ಯಾಹ್ನದ ಬೆಳಕು ಕಣ್ಣು ಕುಕ್ಕುತ್ತದೆ, ದಿಬ್ಬಗಳೆಲ್ಲ ಒಂದೇ ಬಿಳಿಹಾಳೆ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲು ಸೇರಿದರೆ ನೆರಳು ಉದ್ದವಾಗಿ ಒಂದೊಂದು ಅಲೆಯೂ ಬಿಡಿಬಿಡಿಯಾಗಿ ಕಾಣುತ್ತದೆ. ಪಕ್ಕದ ಕ್ಷಿಪಣಿ ಪರೀಕ್ಷಾ ಕ್ಷೇತ್ರದಲ್ಲಿ ಪ್ರಯೋಗ ಇದ್ದರೆ ರಸ್ತೆ ಮೂರು ಗಂಟೆವರೆಗೂ ಬಂದ್ ಆಗಬಹುದು, ಹಿಂದಿನ ದಿನವೇ ವಿಚಾರಿಸಿ.

ಜಾರುಬಂಡಿಗೆ ಪಾರ್ಕಿನ ಅಂಗಡಿಯಲ್ಲೇ ಪ್ಲಾಸ್ಟಿಕ್ ತಟ್ಟೆ ಮಾರುತ್ತಾರೆ. ಮೇಣವನ್ನೂ ಕೇಳಿ ತೆಗೆದುಕೊಳ್ಳಿ, ಜಿಪ್ಸಮ್ ಹಿಮದಷ್ಟು ನುಣುಪಲ್ಲ. ತಳಕ್ಕೆ ಮೇಣ ಉಜ್ಜಿ, ಒಂದೇ ಜಾಡಿನಲ್ಲಿ ಮೂರು ನಾಲ್ಕು ಸಲ ನಿಧಾನಕ್ಕೆ ಜಾರಿ ಮರಳು ಗಟ್ಟಿ ಮಾಡಿಕೊಂಡ ಮೇಲೆಯೇ ವೇಗ ಬರುವುದು. ಕೆಳಗೆ ರಸ್ತೆ, ಗಿಡ, ಗಟ್ಟಿ ನೆಲ ಇಲ್ಲದ ದಿಬ್ಬ ಆರಿಸಿ. ದಿಬ್ಬದ ಬುಡದ ನೆಲ ಸಿಮೆಂಟಿನಂತೆ ಗಟ್ಟಿ, ತಲೆ ಮುಂದೆ ಮಾಡಿ ಜಾರಿದವರಿಗೆ ಪೆಟ್ಟಾಗುವುದು ಅಲ್ಲೇ.

ವಿಸಿಟರ್ ಸೆಂಟರ್ ದಾಟಿದರೆ ನೀರಿಲ್ಲ. ಅಲ್ಕಲಿ ಫ್ಲ್ಯಾಟ್ ದಾರಿ ಹೆಸರಿಗೆ ಚಪ್ಪಟೆ, ನಡೆದರೆ 5 ಮೈಲಿ ಏರಿಳಿತ, ನೆರಳಿನ ಸುಳಿವಿಲ್ಲ. 2015ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ದಂಪತಿ ಬಿಸಿಲಿಗೆ ಜೀವ ಬಿಟ್ಟದ್ದು ಇದೇ ದಾರಿಯಲ್ಲಿ. ತಲೆಗೆ ನಾಲ್ಕು ಲೀಟರ್ ನೀರು ಇಟ್ಟುಕೊಳ್ಳಿ, 29 ಡಿಗ್ರಿ ದಾಟಿದ್ದರೆ ಹೊರಡಲೇಬೇಡಿ. ನಡಿಗೆ ಬೇಕೇ ಬೇಕೆಂದರೆ ರೇಂಜರ್ ಜೊತೆಗಿನ ಸಂಜೆಯ ಉಚಿತ ಸುತ್ತು ಇದೆ, ಒಂದು ಮೈಲಿಯಷ್ಟು.

ಅಲ್ಲಿಂದ ಲಾಸ್ ಕ್ರೂಸಸ್ ಕಡೆ 70ನೇ ಹೆದ್ದಾರಿ ಹಿಡಿದರೆ ಬಾರ್ಡರ್ ಪ್ಯಾಟ್ರೋಲ್ (ಗಡಿ ಕಾವಲು ಪಡೆ) ತಪಾಸಣೆ ಇದೆ. ಎಲ್ ಪಾಸೋದಿಂದ ಪೂರ್ವಕ್ಕೆ ಹೊರಟಾಗಲೂ ಒಂದು ಇದೆ. ಎಚ್1ಬಿ, ಎಚ್4, ಪ್ರವಾಸಿ ವೀಸಾದವರು ಇಬ್ಬರ ಪಾಸ್‌ಪೋರ್ಟ್, ವೀಸಾ, ಐ-94 (ದೇಶ ಪ್ರವೇಶದ ದಾಖಲೆ) ಪ್ರತಿ, ಕೆಲಸದವರಾದರೆ ಐ-797 (ಮಂಜೂರಾತಿ ಪತ್ರ), ಗ್ರೀನ್ ಕಾರ್ಡ್ ಇದ್ದವರು ಕಾರ್ಡನ್ನೇ ಕೈಗೆಟಕುವಂತೆ ಇಟ್ಟುಕೊಳ್ಳಿ. ಹೋಟೆಲಿನಲ್ಲಿಟ್ಟು ಬಂದರೆ ಕಷ್ಟ.