ಪಂಚೆ ಉಟ್ಟ ಸ್ಪೈಡರ್-ಮ್ಯಾನ್: ನಾಲ್ಕೇ ಸಂಚಿಕೆಯ ಆ ಕಾಮಿಕ್ಸ್ ಈಗ ಓದಿದರೆ ಹೇಗಿದೆ?

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು. ಅದರಲ್ಲಿ ಎರಡೂವರೆ ಚಿತ್ರಗಳಿಗೆ. ಉಳಿದ ಅರ್ಧ ಹಳೇ ಪ್ರೀತಿಗೆ ಕೊಟ್ಟಿದ್ದು, ಅದರ ಬಗ್ಗೆ ಯಾರೂ ಜಗಳಕ್ಕೆ ಬರಬೇಡಿ.

ಮಾತು ‘ಸ್ಪೈಡರ್-ಮ್ಯಾನ್: ಇಂಡಿಯಾ’ ಬಗ್ಗೆ. 2023ರಲ್ಲಿ ಇದೇ ಹೆಸರಲ್ಲಿ ಇನ್ನೊಂದು ಕಾಮಿಕ್ಸ್ ಬಂತು, ಅದಲ್ಲ. 2004ರಲ್ಲಿ, ಎರಡನೇ ಸ್ಪೈಡರ್-ಮ್ಯಾನ್ ಸಿನಿಮಾ ಬಂದ ವರ್ಷ, ಭಾರತದಲ್ಲಿ ಕಾಮಿಕ್ಸ್ ತರುತ್ತಿದ್ದ ಗೋಥಮ್ ಕಾಮಿಕ್ಸ್‌ನವರು, ಸ್ಪೈಡರ್-ಮ್ಯಾನ್‌ನ ಮೂಲ ಪ್ರಕಾಶಕರಾದ ಅಮೆರಿಕದ ಮಾರ್ವೆಲ್ ಜೊತೆ ಸೇರಿ ತಂದಿದ್ದು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಮೂವರೂ ಸೇರಿ ಮಾಡಿದ್ದು, ಚಿತ್ರ ಜೀವನ್ ಕಾಂಗ್ ಅವರದ್ದು. 2005ರಲ್ಲಿ ಅಮೆರಿಕದಲ್ಲೂ ಬಂತು. ನಾಲ್ಕು ಸಂಚಿಕೆ ಆಯ್ತು, ನಿಂತಿತು. ಆಮೇಲೆ ಮಾರ್ವೆಲ್‌ನವರೇ ನಾಲ್ಕನ್ನೂ ಸೇರಿಸಿ ಒಂದು ಪುಸ್ತಕ ಮಾಡಿದರು. ನಾನು ಈಗ ಹಳೇ ಪುಸ್ತಕ ಮಾರುವವರೊಬ್ಬರಿಂದ ತರಿಸಿಕೊಂಡಿದ್ದು ಅದನ್ನೇ. ‘ಹೊಸದರಂತಿದೆ’ ಅಂತ ಬರೆದಿದ್ದರು, ಬಂದ ಪ್ರತಿಯ ಒಂದು ಮೂಲೆ ನೀರು ಕುಡಿದು ಉಬ್ಬಿತ್ತು. ಹೋಗಲಿ, ಪುಟಗಳೆಲ್ಲ ಇದ್ದವು.

ಆಗ ನಾವಿದ್ದ ವಯಸ್ಸು ಹೇಗಿತ್ತೆಂದರೆ, ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ‘ಡಿಂಗ ಚಿಕ್ಕ ಮಕ್ಕಳಿಗೆ’ ಎಂದು ಮೂಗು ಮುರಿಯಲು ಶುರು ಮಾಡಿದ್ದೆವು. ಸುಧಾದಲ್ಲಿ ಬರುತ್ತಿದ್ದ ಫ್ಯಾಂಟಮ್ ಅಪ್ಪಂದಿರ ಕಾಲದವನು. ಸ್ಪೈಡರ್-ಮ್ಯಾನ್ ಮಾತ್ರ ನಮ್ಮವನು, ಆದರೆ ಅವನಿದ್ದದ್ದು ನ್ಯೂಯಾರ್ಕಿನಲ್ಲಿ, ನಾವು ನೋಡೇ ಇರದ ಊರಲ್ಲಿ. ಹಾಗಿರುವಾಗ ಮುಂಬೈಯ ಮೇಲೆ ಬಲೆ ಎಸೆದುಕೊಂಡು, ಕೆಳಗೆ ಬಿಳಿ ಪಂಚೆ ಕಚ್ಚೆ ಹಾಕಿಕೊಂಡು, ಕಾಲಿಗೆ ಮೂತಿ ಮೇಲೆದ್ದ ಜೂತಿ ತೊಟ್ಟು ಒಬ್ಬ ಸ್ಪೈಡರ್-ಮ್ಯಾನ್ ಹಾರಿ ಬಂದರೆ! ಅರ್ಧ ಜನ ನಕ್ಕರು. ನಾನು ಬಾಯಿಬಿಟ್ಟು ನೋಡಿದೆ.

ಆ ಪಂಚೆ ಈಗಲೂ ಕೆಲಸ ಮಾಡುತ್ತದೆ. ಇದು ಬರೀ ವೇಷ ಬದಲಾಯಿಸಿದ್ದಲ್ಲ. ಮೈಗೆ ಅಂಟಿದ ಬಟ್ಟೆಯಲ್ಲಿ ಹಾರುವವನ ವೇಗ ತೋರಿಸಬೇಕಾದರೆ ಚಿತ್ರಕಾರ ಸುತ್ತ ಗೆರೆ ಎಳೆಯಬೇಕು, ಇಲ್ಲಿ ಗಾಳಿ ತುಂಬಿಕೊಂಡ ಬಟ್ಟೆಯೇ ಆ ವೇಗ ಹೇಳಿಬಿಡುತ್ತದೆ. ಅವನು ಯಾವ ಕಡೆಯಿಂದ ಬಂದ, ಎಲ್ಲಿ ತಿರುಗಿದ, ಎಲ್ಲ ಪಂಚೆಯ ಮಡಿಕೆಯಲ್ಲೇ ಗೊತ್ತಾಗುತ್ತದೆ. ಸ್ಪೈಡರ್-ಮ್ಯಾನ್‌ನ ಹಳೇ ವೈರಿ ಗ್ರೀನ್ ಗಾಬ್ಲಿನ್, ಮೂಲದಲ್ಲಿದ್ದಂತೆ ಇಲ್ಲಿ ಮುಖವಾಡ ಹಾಕಿದ ಶ್ರೀಮಂತನಲ್ಲ, ನಿಜವಾದ ರಾಕ್ಷಸ. ಮೊದಲ ಸಲ ಅವನು ಎದ್ದು ನಿಲ್ಲುವುದನ್ನು ನೋಡಿದರೆ ನನಗೆ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವುದು ನೆನಪಾಗುತ್ತದೆ, ಆ ಮೈಕಟ್ಟು, ಆ ಆರ್ಭಟ. ಇನ್ನೊಬ್ಬ ಖಳ ಡಾಕ್ಟರ್ ಆಕ್ಟೋಪಸ್‌ಗೂ ಮೂಲದ ಹಾಗೆ ಲೋಹದ ತೋಳು ಇಲ್ಲ, ಇವನವು ಮಾಟದಿಂದ ಬಂದವು.

ಕಥೆಗೆ ಬಂದರೆ ಕಷ್ಟ.

ನಮ್ಮ ಸ್ಪೈಡರ್-ಮ್ಯಾನ್ ಪವಿತ್ರ್ ಪ್ರಭಾಕರ್ ಹಳ್ಳಿ ಹುಡುಗ. ಸ್ಕಾಲರ್‌ಶಿಪ್ ಸಿಕ್ಕಿ ಮುಂಬೈಗೆ ಬರುತ್ತಾನೆ. ಭೀಮ್ ಅಂಕಲ್, ಮಾಯಾ ಆಂಟಿ ಜೊತೆ ಇರುತ್ತಾನೆ, ಶಾಲೆಯಲ್ಲಿ ಇವನ ಬಟ್ಟೆ ನೋಡಿ ಎಲ್ಲರೂ ಗೇಲಿ ಮಾಡುತ್ತಾರೆ, ಮೀರಾ ಜೈನ್ ಒಬ್ಬಳೇ ಸ್ನೇಹದಿಂದ ಮಾತಾಡುತ್ತಾಳೆ. ಖಳ ನಳಿನ್ ಒಬೆರಾಯ್, ಅವನೇ ಆ ಗ್ರೀನ್ ಗಾಬ್ಲಿನ್. ಮೂಲ ಕಥೆ ಗೊತ್ತಿದ್ದವರಿಗೆ ಯಾರು ಯಾರೆಂದು ಹೆಸರಲ್ಲೇ ತಿಳಿಯುತ್ತದೆ. ತೊಂದರೆ ಏನೆಂದರೆ ಮುಂದೆ ಏನಾಗುತ್ತದೆ ಅನ್ನುವುದೂ ತಿಳಿದುಬಿಡುತ್ತದೆ! ಒಬ್ಬ ಹೆಂಗಸು ಕಷ್ಟದಲ್ಲಿದ್ದಾಗ ಹುಡುಗ ಸುಮ್ನೆ ಹೋಗುತ್ತಾನೆ, ಬಿಡಿಸಲು ಹೋದ ಭೀಮ್ ಅಂಕಲ್ ಇರಿತಕ್ಕೆ ಸಿಕ್ಕಿ ಸಾಯುತ್ತಾರೆ. 1962ರಿಂದ ಹತ್ತಾರು ವರ್ಷ ಅಮೆರಿಕದಲ್ಲಿ ನಿಧಾನಕ್ಕೆ ಬೆಳೆದ ಕಥೆಯ ಮುಖ್ಯ ತಿರುವುಗಳನ್ನೆಲ್ಲ ಇಲ್ಲಿ ನಾಲ್ಕು ಸಂಚಿಕೆಗೆ ತುರುಕಿದ್ದಾರೆ, ಹಾಗಾಗಿ ಅಂಕಲ್ ಸತ್ತದ್ದಕ್ಕೆ ಅಳಲೂ ನಮಗೆ ಪುರುಸೊತ್ತಿಲ್ಲ, ಪುಟ ತಿರುಗಿಸಿದರೆ ಇನ್ನೊಬ್ಬ ರಾಕ್ಷಸ ಕಾಯುತ್ತಿರುತ್ತಾನೆ.

ಇನ್ನೊಂದು ತಕರಾರು ನನಗೆ ಆಗ ಹೊಳೆದಿರಲಿಲ್ಲ. ಮೂಲ ಸ್ಪೈಡರ್-ಮ್ಯಾನ್ ಪೀಟರ್ ಪಾರ್ಕರ್‌ಗೆ ಶಕ್ತಿ ಬಂದದ್ದು ಜೇಡ ಕಚ್ಚಿ, ಅದೂ ಆಕಸ್ಮಿಕವಾಗಿ. ಯಾರಿಗೆ ಬೇಕಾದರೂ ಕಚ್ಚಬಹುದಿತ್ತು, ಅದೇ ಅದರ ಮಜಾ. ಪವಿತ್ರ್‌ಗೆ ಒಬ್ಬ ಯೋಗಿ ಬಂದು ವರ ಕೊಡುತ್ತಾನೆ. ಆಗ ಇವನು ಆರಿಸಲ್ಪಟ್ಟವನಾದ, ಪಕ್ಕದ ಬೆಂಚಿನ ಹುಡುಗ ಆಗಿ ಉಳಿಯಲಿಲ್ಲ. ಭಾರತ ಎಂದರೆ ಯೋಗಿ, ತಾಯಿತ, ರಾಕ್ಷಸ ಇರಲೇಬೇಕು ಅನ್ನುವ ಲೆಕ್ಕ ಹೊರಗಿನವರ ಕಣ್ಣಿಗೆ ಹೊಂದಿಸಿಕೊಂಡಂತೆ ಕಾಣುತ್ತದೆ. ಹಳ್ಳಿಯಿಂದ ಮುಂಬೈಗೆ ಬಂದ ಹುಡುಗನಿಗೆ ಲೋಕಲ್ ರೈಲು, ಬಾಡಿಗೆ, ಇಂಗ್ಲಿಷ್ ಮಾತು, ಇವೇ ಸಾಲದಾ? ಆ ಹುಡುಗನ ಕಥೆ ಮೊದಲ ಸಂಚಿಕೆಯಲ್ಲಿ ಸ್ವಲ್ಪ ಇಣುಕಿ, ಆಮೇಲೆ ಮಾಟದ ಗಲಾಟೆಯಲ್ಲಿ ಕಳೆದೇಹೋಗುತ್ತದೆ. ಐದನೇ ಸಂಚಿಕೆ ಬಂದಿದ್ದರೆ, ಪೀಟರ್ ಕಥೆಯಿಂದ ಸಾಲ ತಂದದ್ದೆಲ್ಲ ಮುಗಿದ ಮೇಲೆ, ಬಹುಶಃ ಅಲ್ಲಿಗೇ ವಾಪಸ್ ಬರುತ್ತಿದ್ದರೇನೋ. ನನಗೆ ಬೇಜಾರು ಇರುವುದು ಇದಕ್ಕೇ, ಇವನ ಸ್ವಂತ ಕಥೆ ಶುರುವಾಗಬೇಕಾದ ಜಾಗದಲ್ಲಿ ಪುಸ್ತಕ ಮುಗಿಯಿತು.

ಜೀವನ್ ಕಾಂಗ್ ಅವರ ಕೈ ಇಷ್ಟವಾದರೆ ಅವರದೇ ಇನ್ನೊಂದು ಕಾಮಿಕ್ಸ್ ‘ದಿ ಸಾಧು’ ಹುಡುಕಿ. 2006ರಲ್ಲಿ ಶರದ್ ದೇವರಾಜನ್ ಮತ್ತಿತರರು ವರ್ಜಿನ್ ಕಾಮಿಕ್ಸ್ ಶುರು ಮಾಡಿದಾಗ ಬಂದದ್ದು, ಸ್ಟುಡಿಯೋ ಇದ್ದದ್ದು ನಮ್ಮ ಬೆಂಗಳೂರಲ್ಲೇ. ಅದೂ ಜಾಸ್ತಿ ದಿನ ಬಾಳಲಿಲ್ಲ, 2008ರಲ್ಲಿ ಕೈ ಬದಲಾಗಿ ಲಿಕ್ವಿಡ್ ಕಾಮಿಕ್ಸ್ ಆಯ್ತು.

2023ರ ಆ್ಯನಿಮೇಷನ್ ಸಿನಿಮಾ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ನಲ್ಲಿ ಪವಿತ್ರ್ ಬಂದ ಮೇಲೆ ಹಳೇ ಪುಸ್ತಕಕ್ಕೆ ಮತ್ತೆ ಬೇಡಿಕೆ ಬಂದಿದೆ. ಆ ಸಿನಿಮಾ ಕನ್ನಡಕ್ಕೂ ಡಬ್ ಆಗಿತ್ತು. ಹಿಂದಿ, ಪಂಜಾಬಿಯಲ್ಲಿ ಇವನಿಗೆ ದನಿ ಕೊಟ್ಟದ್ದು ಕ್ರಿಕೆಟಿಗ ಶುಭಮನ್ ಗಿಲ್. ಅಲ್ಲಿನ ಪವಿತ್ರ್ ಬೇರೆಯೇ ಹುಡುಗ, ಖುಷಿಯವನು, ತಮಾಷೆಯವನು. ನಿಜ ಹೇಳಬೇಕೆಂದರೆ ಕಾಮಿಕ್ಸಿನ ನಾಲ್ಕು ಸಂಚಿಕೆಗಿಂತ ಆ ಕೆಲವು ನಿಮಿಷದಲ್ಲೇ ಅವನು ಜಾಸ್ತಿ ಜೀವಂತವಾಗಿದ್ದಾನೆ. ಅವನನ್ನು ಹುಡುಕಿಕೊಂಡು ಈ ಪುಸ್ತಕ ಕೊಂಡರೆ ನಿರಾಸೆ ಖಂಡಿತ.

ಹಾಗಾದರೆ ಯಾರು ಕೊಳ್ಳಬೇಕು? ಚಿತ್ರ ಬರೆಯುವವರು ಕಣ್ಣು ಮುಚ್ಚಿ ಕೊಳ್ಳಿ. ಆಗ ಓದಿ ಪ್ರತಿ ಕಳೆದುಕೊಂಡವರು ಬೆಲೆ ನೋಡಿ ಕೊಳ್ಳಿ, ಬಿಡಿ ಸಂಚಿಕೆಗಳಿಗೆ ಬಾಯಿಗೆ ಬಂದ ರೇಟು ಹೇಳುವವರೂ ಇದ್ದಾರೆ, ನಾಲ್ಕೂ ಒಟ್ಟಿಗಿರುವ ಪುಸ್ತಕವೇ ವಾಸಿ. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಮೊದಲು ಸಿನಿಮಾ ತೋರಿಸಿ. ಪುಸ್ತಕ ಕೊಳ್ಳುವ ಮುಂಚೆ ಮೂಲೆ ಒದ್ದೆಯಾಗಿದೆಯಾ ಅಂತ ಮಾರುವವರ ಹತ್ತಿರ ಫೋಟೋ ಕೇಳಿ, ನಾನು ಕೇಳಿದ ಮೇಲೆ ಅವರು ಕಳಿಸಿದ್ದು ಮುಖಪುಟದ ಫೋಟೋ ಮಾತ್ರ.